ಒಣನೆಲದ ಕಾಲ್ನಡಿಗೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ

ಒಣನೆಲದ ಕಾಲ್ನಡಿಗೆ ಎಂದರೆ ಮಳೆ ಕಡಿಮೆಯಾದ, ಮರಗಳು ವಿರಳವಾದ ಬಯಲು ಪ್ರದೇಶದ ಮಣ್ಣು, ನೀರು, ಸಸ್ಯ, ಪ್ರಾಣಿ ಮತ್ತು ಜನವಸತಿಯನ್ನು ಕಾಲುದಾರಿ, ಬಂಡಿದಾರಿ, ಹಳ್ಳ ಹಾಗೂ ನದಿದಂಡೆಗಳಲ್ಲಿ ನಡೆದು ತಿಳಿಯುವ ಪದ್ಧತಿ. ಕರ್ನಾಟಕದಲ್ಲಿ ಇದಕ್ಕೆ ಅತ್ಯಂತ ತಕ್ಕ ಪ್ರದೇಶಗಳಲ್ಲಿ ಒಂದು ವಿಜಯಪುರ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳಾದ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಉತ್ತರ ಮತ್ತು ಪೂರ್ವದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ ಹರಿಯುವ ಈ ಬಯಲಿನಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳಾದ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ ಮತ್ತು ಕುದುರೆಮುಖ ಎಲ್ಲವೂ ಕಾಡಿನ ಸೀಮೆಯಲ್ಲಿವೆ. ಒಣ ಬಯಲಿನ ಪಾಲಿಗೆ ಅಂಥದೊಂದೂ ಬಂದಿಲ್ಲ. ಈ ಕೊರತೆಯನ್ನು ಬೇಲಿ ಹಾಕಿದ ಉದ್ಯಾನದಿಂದ ತುಂಬುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಇಲ್ಲಿನ ನೆಲವನ್ನು ಅರಿಯುವ ಸಾಧನ ನಡಿಗೆ, ಅದನ್ನು ಕಾಯುವ ಸಾಧನ ಸಾರ್ವಜನಿಕ ದಾರಿ ಮತ್ತು ಗಾಯರಾಣಗಳ ರಕ್ಷಣೆ. ಮುಂದಿನ ವಿವರಣೆ ಈ ನಿಲುವನ್ನು ಆಧಾರಸಹಿತ ಪರಿಶೀಲಿಸುತ್ತದೆ.

ಪದಗಳು ಮತ್ತು ವ್ಯಾಪ್ತಿ

ಈ ಲೇಖನದಲ್ಲಿ ‘ಎರಿ’ ಎಂದರೆ ಆಳವಾದ ಕಪ್ಪು ಮಣ್ಣಿನ ಹೊಲ. ‘ಮಸಾರಿ’ ಎಂದರೆ ಕೆಂಪು ಅಥವಾ ಕಂದು ಬಣ್ಣದ ಹಗುರ ಮಣ್ಣು. ‘ಮಡ್ಡಿ’ ಎಂದರೆ ಮಣ್ಣು ತೆಳುವಾಗಿ ಗರಸು ಮತ್ತು ಕಲ್ಲು ಮೇಲೆ ಕಾಣುವ ಎತ್ತರದ ನೆಲ. ‘ಗಾಯರಾಣ’ ಎಂದರೆ ದನಕರು ಮೇಯಲು ಊರಿಗೆ ಬಿಟ್ಟ ಸರ್ಕಾರಿ ಭೂಮಿ, ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಗೋಮಾಳ ಎನ್ನುತ್ತಾರೆ. ‘ಒಡ್ಡು’ ಹೊಲದ ಗಡಿಯ ಮಣ್ಣಿನ ಏರಿ. ‘ನಕಾಶೆ ಕಂಡ ದಾರಿ’ ಎಂದರೆ ಗ್ರಾಮ ನಕಾಶೆಯಲ್ಲಿ ಗುರುತಾದ, ಆದ್ದರಿಂದ ಎಲ್ಲರೂ ಬಳಸಬಹುದಾದ ಕಾಲುದಾರಿ ಅಥವಾ ಬಂಡಿದಾರಿ. ಆಡಳಿತದ ದೃಷ್ಟಿಯಿಂದ ಈ ನಾಲ್ಕು ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ಈಚೆಗೆ ಬೇರ್ಪಟ್ಟಿವೆ. ನೆಲದ ರಚನೆ ಹೊಸ ಗಡಿಗಳನ್ನು ಅನುಸರಿಸುವುದಿಲ್ಲವಾದ್ದರಿಂದ ಇಲ್ಲಿ ಹಳೆಯ ತಾಲ್ಲೂಕುಗಳ ವ್ಯಾಪ್ತಿಯನ್ನೇ ಇಟ್ಟುಕೊಳ್ಳಲಾಗಿದೆ.

ಇದನ್ನು ಮರುಭೂಮಿಯ ಸಾಲಿಗೆ ಸೇರಿಸಬಹುದೇ ಎಂಬುದು ಮೊದಲು ಏಳುವ ಆಕ್ಷೇಪ. ರಾಜಸ್ಥಾನದ ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿ.ಮೀ. ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷದ ಮಳೆ 200 ಮಿ.ಮೀ.ಗಿಂತ ಕಡಿಮೆ. ವಿಜಯಪುರದ ಬಯಲಿನಲ್ಲಿ ಸರಾಸರಿ 600 ಮಿ.ಮೀ. ಆಸುಪಾಸಿನ ಮಳೆಯಿದೆ, ಮರಳು ದಿಬ್ಬಗಳಿಲ್ಲ, ಊರುಗಳು ಒತ್ತಾಗಿವೆ. ಹವಾಗುಣದ ಅಳತೆಯಲ್ಲಿ ಇದು ಅರೆಶುಷ್ಕ ಪ್ರದೇಶ, ಅಪ್ಪಟ ಮರುಭೂಮಿ ಅಲ್ಲ. ಆದರೆ ಇಷ್ಟಕ್ಕೆ ವಿಷಯ ಮುಗಿಯುವುದಿಲ್ಲ. ಕೇಂದ್ರ ಸರ್ಕಾರ 1977–78ರಲ್ಲಿ ಆರಂಭಿಸಿದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮವು, ಹನುಮಂತರಾವ್ ಸಮಿತಿಯ 1994ರ ವರದಿಯ ನಂತರ, ಕರ್ನಾಟಕದ ಬಿಜಾಪುರ (ಈಗಿನ ವಿಜಯಪುರ), ರಾಯಚೂರು, ಬಳ್ಳಾರಿ ಸೀಮೆಗೂ ವಿಸ್ತರಿಸಿತು. ಮರಳಿಲ್ಲದ ಬಿಸಿ ಒಣಪ್ರದೇಶ ಎಂಬ ವರ್ಗದಡಿ ಇವು ಸೇರಿದವು. 2009ರಲ್ಲಿ ಈ ಕಾರ್ಯಕ್ರಮ ಸಮಗ್ರ ಜಲಾನಯನ ನಿರ್ವಹಣಾ ಕಾರ್ಯಕ್ರಮದಲ್ಲಿ ವಿಲೀನವಾಯಿತು. ಮಳೆಯ ಮೊತ್ತವೊಂದೇ ಒಣತನವನ್ನು ನಿರ್ಧರಿಸುವುದಿಲ್ಲ. ಬಿದ್ದ ಮಳೆಗಿಂತ ಆವಿಯಾಗಬಲ್ಲ ನೀರು ಎರಡು ಪಟ್ಟಿಗೂ ಮೀರಿದ್ದರೆ, ಮಳೆ ಬರುವ ಹೊತ್ತು ವರ್ಷ ವರ್ಷವೂ ತಪ್ಪುತ್ತಿದ್ದರೆ, ಅಲ್ಲಿ ಹುಲ್ಲು, ಮುಳ್ಳುಗಿಡ ಮತ್ತು ಮಳೆಯ ಬೆನ್ನು ಹತ್ತಿ ಅಲೆಯುವ ಪ್ರಾಣಿಗಳ ಬಾಳು ಮರುಭೂಮಿಯ ನಿಯಮಗಳಿಗೆ ಹತ್ತಿರವಾಗುತ್ತದೆ. ಆದ್ದರಿಂದ ಮರುಭೂಮಿ ಉದ್ಯಾನಗಳಲ್ಲಿ ನಡೆಯುವವರಿಗೆ ಹೇಳುವ ನೀರು, ನೆರಳು, ಹೊತ್ತು ಮತ್ತು ದಿಕ್ಕಿನ ಎಚ್ಚರಗಳು ಇಲ್ಲಿಗೂ ಅನ್ವಯಿಸುತ್ತವೆ.

ನೆಲದ ರಚನೆ

ಈ ಬಯಲಿನ ಹೆಚ್ಚಿನ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾದಿಂದ, ಅಂದರೆ ದಖ್ಖನ್ ಟ್ರ್ಯಾಪ್‌ನ ಬಸಾಲ್ಟ್ ಶಿಲೆಯಿಂದ ಆಗಿದೆ. ಪದರಗಳ ಗಟ್ಟಿತನ ಒಂದೇ ತೆರನಾಗಿಲ್ಲ. ಮೆದುವಾದದ್ದು ಸವೆದು ತಗ್ಗಾಯಿತು, ಗಟ್ಟಿಯಾದದ್ದು ಮಡ್ಡಿಯಾಗಿ ಉಳಿಯಿತು. ಹೀಗಾಗಿ ದೂರದಿಂದ ಚಪ್ಪಟೆಯಾಗಿ ಕಾಣುವ ಇಂಡಿ ಮತ್ತು ಸಿಂದಗಿಯ ಬಯಲು ನಡೆಯುವವರಿಗೆ ನಿಧಾನ ಏರಿಳಿತಗಳ ಸಾಲಾಗಿ ಅರಿವಿಗೆ ಬರುತ್ತದೆ: ಮಡ್ಡಿಯ ನೆತ್ತಿ, ಅದರ ಇಳಿಜಾರಿನಲ್ಲಿ ತೆಳು ಮಣ್ಣು, ತಗ್ಗಿನಲ್ಲಿ ಆಳವಾದ ಎರಿ, ಅದರ ನಡುವೆ ಹಳ್ಳ. ಈ ಕ್ರಮ ಮೈಲುಗಟ್ಟಲೆ ಮರುಕಳಿಸುತ್ತದೆ. ವಾಹನದಲ್ಲಿ ಹೋಗುವವನಿಗೆ ಇದು ಒಂದೇ ಬಯಲು, ಏಕೆಂದರೆ ಹೆದ್ದಾರಿಗಳು ಏರನ್ನು ಕಡಿದು ತಗ್ಗನ್ನು ತುಂಬಿ ಸಾಗುತ್ತವೆ. ಹತ್ತಾರು ಮೀಟರಿನ ಈ ಏರಿಳಿತವೇ ಎಲ್ಲಿ ಜೋಳ, ಎಲ್ಲಿ ಸಜ್ಜೆ, ಎಲ್ಲಿ ಹುಲ್ಲು, ಎಲ್ಲಿ ಬಾವಿ ಎಂಬುದನ್ನು ನಿರ್ಣಯಿಸಿದೆ. ನಡಿಗೆಯ ಪರವಾದ ಮೊದಲ ಆಧಾರ ಈ ರಚನೆಯಲ್ಲೇ ಇದೆ. ಇಲ್ಲಿನ ವೈವಿಧ್ಯ ಎತ್ತರದ ಬೆಟ್ಟಗಳಲ್ಲಿಲ್ಲ, ಕಾಲಡಿಯ ಮಣ್ಣಿನ ಆಳದಲ್ಲಿದೆ.

ದಕ್ಷಿಣ ಮತ್ತು ಪೂರ್ವಕ್ಕೆ, ಮುದ್ದೇಬಿಹಾಳದತ್ತ ಸಾಗಿದಂತೆ ಬಸಾಲ್ಟ್ ತೆಳುವಾಗಿ ಅದರ ಕೆಳಗಿನ ಹಳೆಯ ಶಿಲೆಗಳು ಬಯಲಾಗುತ್ತವೆ. ತಾಳಿಕೋಟೆಯ ಸುತ್ತ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಮತ್ತು ಜೇಡಿಕಲ್ಲು ಕಾಣುತ್ತವೆ, ಕೃಷ್ಣೆಯ ದಂಡೆಯ ಕಡೆ ಗ್ರಾನೈಟ್ ಮತ್ತು ನೈಸ್ ಬಂಡೆಗಳು. ಮನೆ ಕಟ್ಟುವ ಕಲ್ಲು ಬದಲಾದುದನ್ನು ಊರಿಂದೂರಿಗೆ ನೋಡಿಯೇ ಈ ಗಡಿಯನ್ನು ಗುರುತಿಸಬಹುದು: ಹಾಸುಗಲ್ಲಿನ ಗೋಡೆ ಮತ್ತು ಅಂಗಳಗಳು ಸುಣ್ಣಕಲ್ಲಿನ ಸೀಮೆಯ ಸೂಚನೆ.

ಎರಿ ಮಣ್ಣಿನ ಗುಣ ನಡಿಗೆಯನ್ನು ನೇರವಾಗಿ ಆಳುತ್ತದೆ. ಅದರಲ್ಲಿನ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಅಗಲದ, ಸುಮಾರು ಒಂದು ಮೀಟರ್ ಆಳದವರೆಗೂ ಹೋಗುವ ಬಿರುಕುಗಳು ಬೀಳುತ್ತವೆ. ಮೊದಲ ಮಳೆ ಈ ಬಿರುಕುಗಳಲ್ಲೇ ಇಂಗುತ್ತದೆ, ಆಮೇಲೆ ಮಣ್ಣು ಮುಚ್ಚಿಕೊಂಡು ಮೇಲಿನ ನೀರು ಹರಿಯತೊಡಗುತ್ತದೆ. ಹಸಿ ಎರಿಯಲ್ಲಿ ಕೆರವಿಗೆ ಮಣ್ಣು ಮೆತ್ತಿ ಹೆಜ್ಜೆ ಎತ್ತುವುದೇ ಕಷ್ಟ. ಆದರೆ ಇದೇ ಮಣ್ಣು ಸೆಪ್ಟೆಂಬರ್‌ನ ಮಳೆಯನ್ನು ಒಡಲಲ್ಲಿಟ್ಟು, ಹಿಂಗಾರಿ ಜೋಳವನ್ನು ಮತ್ತೆ ಮಳೆಯಿಲ್ಲದೆಯೇ ಫೆಬ್ರುವರಿಯವರೆಗೆ ಸಾಕುತ್ತದೆ. ಡೋಣಿಯ ಕಣಿವೆ ಈ ಶಕ್ತಿಗೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿ ಓಣಿಗೂ ಜೋಳ ಎಂಬರ್ಥದ ಗಾದೆ ಸೀಮೆಯ ಎಲ್ಲೆಡೆ ಬಳಕೆಯಲ್ಲಿದೆ. ಬಿಜಾಪುರದ ಒಣಬೇಸಾಯ ಸಂಶೋಧನಾ ಕೇಂದ್ರ 1930ರ ದಶಕದಿಂದ ಕೆಲಸ ಮಾಡಿದ್ದು ಈ ತೇವವನ್ನು ಒಡ್ಡು ಮತ್ತು ಉಳುಮೆಯಿಂದ ಹಿಡಿದಿಡುವ ಬಗೆಯ ಮೇಲೆ. ಇಂದು ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಂಗ.

ದಾರಿಗಳ ಹುಟ್ಟು

ಉದ್ಯಾನಗಳಲ್ಲಿ ದಾರಿಯನ್ನು ಅರಣ್ಯ ಇಲಾಖೆ ಕಡಿಯುತ್ತದೆ. ಈ ಬಯಲಿನಲ್ಲಿ ದಾರಿಗಳು ಬಳಕೆಯಿಂದ ಹುಟ್ಟಿದವು. ಅವುಗಳ ಹಳಮೆಗೆ ಸಾಕ್ಷ್ಯ ಬೇಕಾದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಈ ಶಾಸನ ಪಾವಿಟ್ಟಗೆ ಎಂಬ ಅಗ್ರಹಾರದಲ್ಲಿ ಕಟ್ಟಿಸಿದ ಶಾಲೆಯನ್ನೂ ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಬಿಟ್ಟ 27 ಮನೆಗಳನ್ನೂ ದಾಖಲಿಸುತ್ತದೆ. ಅಷ್ಟು ದೂರದಿಂದ ಕಲಿಯಲು ಬಂದವರು ಕಾಲುದಾರಿಯಲ್ಲೇ ಬಂದರೆಂಬುದನ್ನು ಬೇರೆ ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಕೃಷ್ಣೆ ಮಲಪ್ರಭೆಯರ ಕೂಡಲಸಂಗಮ, ನೀಲಾಂಬಿಕೆಯ ಐಕ್ಯಸ್ಥಳವಾದ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಇವು ಮೂರೂ ಶರಣರ ನೆನಪಿನ ಹಾದಿಯ ಮುಖ್ಯ ಬಿಂದುಗಳು. 1565ರ ಜನವರಿಯಲ್ಲಿ ವಿಜಯನಗರ ಸೋತ ಯುದ್ಧಕ್ಕೆ ತಾಳಿಕೋಟೆಯ ಹೆಸರಿದೆ. ಅದನ್ನು ರಕ್ಕಸಗಿ ತಂಗಡಗಿ ಯುದ್ಧ ಎಂದೂ ಕರೆಯುತ್ತಾರೆ. ಈ ಎರಡೂ ಊರುಗಳು ಕೃಷ್ಣೆಯ ಬಳಿಯಲ್ಲಿರುವುದು ಸೈನ್ಯಗಳು ಹೊಳೆ ದಾಟಲು ಹುಡುಕುತ್ತಿದ್ದ ಕಡಹುಗಳ ಮಹತ್ವವನ್ನು ತೋರಿಸುತ್ತದೆ.

ಈ ಹಾದಿಗಳನ್ನು ಇಂದಿಗೂ ಜೀವಂತ ಇಟ್ಟಿರುವುದು ಇಬ್ಬರು, ಪಾದಯಾತ್ರಿಗಳು ಮತ್ತು ಕುರಿಗಾರರು. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರ ಗುಂಪುಗಳು ಬಿಸಿಲು ಏರುವ ದಿನಗಳಲ್ಲೇ ಈ ಬಯಲನ್ನು ದಾಟುತ್ತವೆ. ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗುವ ದಿಂಡಿಗಳು ಭೀಮೆಯತ್ತ ಸಾಗುತ್ತವೆ. ಎರಡೂ ಯಾತ್ರೆಗಳು ಒಣನೆಲದ ನಡಿಗೆಯ ಪಾಠವನ್ನು ಪದ್ಧತಿಯಾಗಿಯೇ ರೂಪಿಸಿಕೊಂಡಿವೆ: ನಸುಕಿನಲ್ಲಿ ಹೊರಡುವುದು, ನಡುಹಗಲು ಗುಡಿ ಅಥವಾ ಬೇವಿನ ನೆರಳಲ್ಲಿ ತಂಗುವುದು, ಇಳಿಹೊತ್ತಿನಲ್ಲಿ ಮತ್ತೆ ನಡೆಯುವುದು, ನೀರು ಅನ್ನವನ್ನು ದಾರಿಯ ಊರುಗಳ ದಾಸೋಹಕ್ಕೆ ಬಿಡುವುದು. ಕುರಿಗಾರರ ಹಾದಿ ಇದಕ್ಕಿಂತ ಸೂಕ್ಷ್ಮವಾದದ್ದು. ಸುಗ್ಗಿ ಮುಗಿದ ಹೊಲದ ಕೂಳೆ, ಮಡ್ಡಿಯ ಹುಲ್ಲು, ಹಳ್ಳದ ನೀರು ಎಲ್ಲೆಲ್ಲಿ ಎಂದೆಂದು ಸಿಗುತ್ತದೆ ಎಂಬ ಲೆಕ್ಕದ ಮೇಲೆ ಅವರ ಹಿಂಡುಗಳು ಸರಿಯುತ್ತವೆ, ರಾತ್ರಿ ಹೊಲದಲ್ಲಿ ಹಿಂಡು ನಿಲ್ಲಿಸಿದ ರೈತನಿಗೆ ಗೊಬ್ಬರ ದೊರೆಯುತ್ತದೆ. ಹುಲ್ಲುಗಾವಲಿನ ಪರಿಸರವನ್ನು ಅಧ್ಯಯನ ಮಾಡುವವರಿಗೆ ಇವರಿಗಿಂತ ಒಳ್ಳೆಯ ಮಾರ್ಗದರ್ಶಕರು ಇಲ್ಲ.

ಹಾದಿಗಳು ದಾಖಲೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮುಂಬಯಿ ಸರ್ಕಾರದ ಭೂಮಾಪನದಿಂದ. ಪ್ರತಿ ಗ್ರಾಮದ ನಕಾಶೆಯಲ್ಲಿ ಸರ್ವೆ ನಂಬರುಗಳ ನಡುವೆ ಕಾಲುದಾರಿ ಮತ್ತು ಬಂಡಿದಾರಿಗಳನ್ನು ಗುರುತಿಸಲಾಯಿತು. 1876–78ರ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಈ ತಾಲ್ಲೂಕುಗಳು ತತ್ತರಿಸಿದವು. ಧಾನ್ಯ ಬೇರೆಡೆ ಇದ್ದರೂ ಅದನ್ನು ತರುವ ದಾರಿ ಇರಲಿಲ್ಲ. ಆ ಪಾಠದಿಂದ ಹಾಕಿದ ಹೋಟಗಿ–ಗದಗ ರೈಲುಮಾರ್ಗ 1884ರಲ್ಲಿ ತೆರೆಯಿತು. ಲಚ್ಯಾಣ, ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ನಿಲ್ದಾಣಗಳು ಇಂದಿಗೂ ನಡಿಗೆ ಆರಂಭಿಸಲು ಅನುಕೂಲವಾದ ತಾಣಗಳು.

ದಾರಿಯ ಬಗೆಗಳು

ನಡೆಯಬಹುದಾದ ದಾರಿಗಳಲ್ಲಿ ಹೆಚ್ಚು ಸಿಗುವುದು ಬಂಡಿದಾರಿ. ಊರನ್ನು ಹೊಲಗಳಿಗೂ ನೆರೆಯೂರಿಗೂ ಕೂಡಿಸುವ ಇದು ಎರಡು ಒಡ್ಡುಗಳ ನಡುವೆ ತಗ್ಗಾಗಿ ಸಾಗುತ್ತದೆ. ಮಳೆಗಾಲದಲ್ಲಿ ಅದೇ ಹಳ್ಳವಾಗುವುದೂ ಉಂಟು. ಬದಿಯಲ್ಲಿ ಜಾಲಿ, ಬೇವು, ಬಾರಿ, ಕಳ್ಳಿಯ ಸಾಲುಗಳು ಉಳಿದಿರುತ್ತವೆ. ಉತ್ತ ಹೊಲಗಳ ನಡುವೆ ಹಕ್ಕಿ, ಓತಿ, ಮುಂಗುಸಿಗಳಿಗೆ ಆಸರೆಯಾಗಿ ಉಳಿದ ಅಂಚು ಇಷ್ಟೇ. ಹಳ್ಳದ ಪಾತ್ರದಲ್ಲಿ ನಡೆಯುವುದು ಎರಡನೆಯ ಬಗೆ. ವರ್ಷದ ಎಂಟು ತಿಂಗಳು ಒಣಗಿರುವ ಪಾತ್ರದಲ್ಲಿ ಬಸಾಲ್ಟಿನ ಪದರಗಳು, ಸುಣ್ಣದ ಗಂಟುಗಳು, ಮಣ್ಣಿನ ಕಡಿದಾದ ಗೋಡೆಗಳು ತೆರೆದುಕೊಂಡಿರುತ್ತವೆ. ಪ್ರದೇಶದ ಭೂರಚನೆಯನ್ನು ಅಗೆಯದೆಯೇ ಓದಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಡೋಣಿಯ ದಂಡೆ ಈ ವರ್ಗಕ್ಕೇ ಸೇರಿದರೂ ಅದರ ನೀರು ಸವಳು, ಕುಡಿಯಲು ಬಾರದು.

ಮಡ್ಡಿಯ ಹಾದಿ ಹುಲ್ಲುಗಾವಲಿನದು. ಇಲ್ಲಿ ನಿರ್ದಿಷ್ಟ ದಾರಿ ಇರುವುದಿಲ್ಲ, ಕುರಿಯ ಗೊರಸಿನ ಸವೆತಗಳು ನೂರಾರು ಎಳೆಗಳಾಗಿ ಹರಡಿರುತ್ತವೆ. ನದಿದಂಡೆಯ ಹಾದಿಗಳು ಎರಡು ತೆರ. ಭೀಮೆಯ ಕಡೆ ಇಂಡಿ ಮತ್ತು ಸಿಂದಗಿಯ ಅಂಚಿನಲ್ಲಿ ಮೆಕ್ಕಲು ಮಣ್ಣಿನ ದಂಡೆ, ಅದರಾಚೆ ಸೊಲ್ಲಾಪುರ ಮತ್ತು ಕಲಬುರಗಿ ಸೀಮೆ. ಚಡಚಣದ ಬಳಿಯ ಹಲಸಂಗಿ ಈ ಭಾಗದಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಊರೂರಿನ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಕನ್ನಡ ಜಾನಪದ ಸಂಗ್ರಹದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಈ ಬಯಲಿನಲ್ಲಿಯೇ ನಡೆಯಿತು. ಕೃಷ್ಣೆಯ ಕಡೆಯ ಹಾದಿಯ ಸ್ವರೂಪ ಪೂರ್ತಿ ಬೇರೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಜಲಾಶಯ 519.60 ಮೀಟರ್ ಮಟ್ಟದವರೆಗೆ ತುಂಬುತ್ತದೆ. ಹಳೆಯ ಕೊಲ್ಹಾರದಂಥ ಊರುಗಳು ಹಿನ್ನೀರಿಗೆ ಹೋಗಿ ಜನ ಮೇಲಕ್ಕೆ ಬಂದು ನೆಲೆಸಿದರು. ಬೇಸಗೆಯಲ್ಲಿ ನೀರು ಇಳಿದಾಗ ತೆರೆಯುವ ಕೆಸರು ಬಯಲಿಗೆ ರಾಜಹಂಸಗಳು ಇಳಿಯುತ್ತವೆ, ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಕಾಲುವೆಯ ಏರಿಯ ಮೇಲಿನ ಹಾದಿ ಇತ್ತೀಚಿನದು. ಅದು ನೇರ, ಸಮತಟ್ಟು, ದಾರಿ ತಪ್ಪುವ ಭಯವಿಲ್ಲ. ನೆಲದ ಸಹಜ ಏರಿಳಿತವನ್ನು ಮಾತ್ರ ಅದು ತೋರಿಸುವುದಿಲ್ಲ.

ಸಸ್ಯ ಮತ್ತು ಪ್ರಾಣಿ

ಜಿಲ್ಲೆಯ ಅರಣ್ಯ ಹೊದಿಕೆ ಶೇ. 1ಕ್ಕಿಂತಲೂ ಕಡಿಮೆ. ಈ ಅಂಕಿ ಹಿಡಿದು ಇಲ್ಲಿ ನೋಡಲು ಏನೂ ಇಲ್ಲ ಎಂದು ತೀರ್ಮಾನಿಸುವುದು ರೂಢಿ. ಇದು ಎರಡನೆಯ ಆಕ್ಷೇಪ, ಹೆಚ್ಚು ಹಾನಿ ಮಾಡಿದ್ದೂ ಇದೇ. ಒಣ ಬಯಲಿನ ಸಹಜ ಹೊದಿಕೆ ಮರಗಳ ಕಾಡಲ್ಲ, ಹುಲ್ಲು ಮತ್ತು ಮುಳ್ಳುಪೊದೆ. ಮರದ ಅಳತೆಗೋಲಿನಿಂದ ಹುಲ್ಲನ್ನು ಅಳೆದರೆ ಸಿಗುವುದು ಸೊನ್ನೆಯೇ. ಮಡ್ಡಿಗಳಲ್ಲಿ ಕರಡ ಹುಲ್ಲು, ತಂಗಡಿ, ಬಾರಿ, ಜಾಲಿ, ಬನ್ನಿ, ಹಳ್ಳದ ಬದಿಯಲ್ಲಿ ಬೇವು ಮತ್ತು ಹುಣಸೆ ಸಾಮಾನ್ಯ. ತೋಳ, ಗುಳ್ಳೆನರಿ, ಮೊಲ, ಚಿಗರಿ, ಟಿಟ್ಟಿಭ, ಗೌಜಲಕ್ಕಿ, ನೆಲಗುಬ್ಬಿ ಇಂಥ ಬಯಲಿಗೆ ಹೊಂದಿಕೊಂಡ ಜೀವಿಗಳು, ಇವುಗಳಲ್ಲಿ ಹಲವು ದಟ್ಟ ಮರಗಳ ನಡುವೆ ಬಾಳಲಾರವು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು ದಖ್ಖನ್ನಿನ ಹುಲ್ಲಿನಲ್ಲೇ ರಾತ್ರಿ ತಂಗುತ್ತವೆ. ಉತ್ತರ ಕರ್ನಾಟಕದ ಬಯಲುಗಳಲ್ಲಿ ಹಿಂದೆ ಹರಡಿದ್ದ ಎರೆಭೂತ ಹಕ್ಕಿ ಈಗ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟಕ್ಕೆ ಬಂದು ನಿಂತಿದೆ. ಕಾಡಿನ ಹಕ್ಕಿಯೊಂದು ಇಷ್ಟು ಕುಸಿದಿದ್ದರೆ ನಾಡಿನಲ್ಲಿ ಎದ್ದಿರುತ್ತಿದ್ದ ಕಳವಳ ಈ ಹುಲ್ಲಿನ ಹಕ್ಕಿಗೆ ಎದ್ದಿಲ್ಲ.

ನೆರೆಯ ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ಭಾಗದಲ್ಲಿ 2016ರಲ್ಲಿ ಘೋಷಣೆಯಾದ, ಸುಮಾರು 96 ಚದರ ಕಿ.ಮೀ. ವಿಸ್ತಾರದ ಯಡಹಳ್ಳಿ ಚಿಂಕಾರ ವನ್ಯಧಾಮ ಈ ದೃಷ್ಟಿ ನಿಧಾನವಾಗಿ ಬದಲಾಗುತ್ತಿರುವುದರ ಗುರುತು. ಥಾರ್ ಮರುಭೂಮಿಯ ಪ್ರಾಣಿ ಎಂದೇ ಹೆಸರಾದ ಚಿಂಕಾರ ಕೃಷ್ಣೆಯ ದಕ್ಷಿಣ ದಂಡೆಯ ಕುರುಚಲಿನಲ್ಲಿ ಉಳಿದಿದೆ ಎಂಬುದು, ಎರಡೂ ಒಣನೆಲಗಳ ನಡುವಿನ ನಂಟಿಗೆ ಮಳೆಯ ಅಂಕಿಗಳಿಗಿಂತ ಬಲವಾದ ಸಾಕ್ಷ್ಯ.

ನಡಿಗೆಯ ಕಾಲ, ನೀರು ಮತ್ತು ಅಪಾಯ

ತಕ್ಕ ಕಾಲ ನವೆಂಬರ್‌ನಿಂದ ಫೆಬ್ರುವರಿ ನಡುವಿನವರೆಗೆ. ಆಗ ಎರಿ ಗಟ್ಟಿಯಾಗಿರುತ್ತದೆ, ಜೋಳ ತೆನೆಗಟ್ಟಿರುತ್ತದೆ, ಬೆಳಗಿನ ಹವೆ ತಂಪು. ಎಳ್ಳ ಅಮವಾಸ್ಯೆಯಂದು ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದರಿಂದ ಮುಚ್ಚಿಹೋದಂತಿದ್ದ ದಾರಿಗಳೂ ಅಂದು ತೆರೆಯುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊಸಬರು ಆ ಕಾಲವನ್ನು ಬಿಡುವುದೇ ಸರಿ. ಅನಿವಾರ್ಯವಾದರೆ ಬೆಳಗಿನ ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಕೊಳವೆಬಾವಿಗಳ ಮತ್ತು ಡೋಣಿ ಸೀಮೆಯ ಬಾವಿಗಳ ನೀರು ಹಲವೆಡೆ ಸವಳಾದ್ದರಿಂದ ಮುಂದಿನ ಊರಿನ ತನಕದ ಕುಡಿಯುವ ನೀರನ್ನು ಹೊತ್ತೇ ನಡೆಯಬೇಕು. ಕಟ್ಟೆಯಿಲ್ಲದ ತೆರೆದ ಬಾವಿಗಳು, ಒಡ್ಡಿನ ಬಿರುಕುಗಳಲ್ಲಿ ಇರುವ ಕೊಳಕುಮಂಡಲ ಹಾವು, ಕಲ್ಲಡಿಯ ಚೇಳು, ಗಟ್ಟಿ ಅಟ್ಟೆಯನ್ನೂ ತೂರುವ ಬಳ್ಳಾರಿ ಜಾಲಿಯ ಮುಳ್ಳು ಮುಖ್ಯ ಅಪಾಯಗಳು. ಮುಸ್ಸಂಜೆಯ ನಂತರ ಹೊಲದ ಹಾದಿಯಲ್ಲಿ ನಡೆಯಬಾರದು.

ಒಣನೆಲದಲ್ಲಿ ನೀರಿನ ಕೊರತೆಯಷ್ಟೇ ನೀರಿನ ಹಠಾತ್ ಹೆಚ್ಚಳವೂ ಅಪಾಯಕಾರಿ. ಮೇಲ್ಭಾಗದಲ್ಲಿ ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ಡೋಣಿ ತುಂಬಿ ಹರಿಯುತ್ತದೆ. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹ ಉತ್ತರ ಕರ್ನಾಟಕದ ಬಯಲನ್ನೆಲ್ಲ ಮುಳುಗಿಸಿತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಇಂಡಿ ಮತ್ತು ಸಿಂದಗಿಯ ದಂಡೆಯ ಊರುಗಳಿಗೆ ನುಗ್ಗಿತು. ಆಲಮಟ್ಟಿ ಮತ್ತು ನಾರಾಯಣಪುರ ಅಣೆಕಟ್ಟೆಗಳಿಂದ ನೀರು ಬಿಡುವ ದಿನಗಳಲ್ಲಿ ಕೃಷ್ಣೆಯ ಪಾತ್ರಕ್ಕೆ ಇಳಿಯಬಾರದು.

ಉದ್ಯಾನವೋ ದಾರಿಯೋ

ಈ ಬಯಲಿನ ಒಂದು ತುಂಡನ್ನಾದರೂ ರಾಷ್ಟ್ರೀಯ ಉದ್ಯಾನ ಮಾಡಿ ವಾಹನ ಸಫಾರಿ ಏರ್ಪಡಿಸಿದರೆ ರಕ್ಷಣೆಯೂ ಆದೀತು, ಪ್ರವಾಸಿಗರೂ ಬಂದಾರು ಎಂಬ ವಾದವಿದೆ. ಇದಕ್ಕೆ ಮೊದಲ ಉತ್ತರ ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಮು ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯುವುದನ್ನು ನಿಷೇಧಿಸುತ್ತದೆ. ಕಾಡಿಗೆ ಅದು ಹೊಂದೀತು. ಇಲ್ಲಿನ ಹುಲ್ಲುಗಾವಲುಗಳಾದರೋ ಶತಮಾನಗಳ ಮೇಯುವಿಕೆಯಿಂದಲೇ ಈ ರೂಪಕ್ಕೆ ಬಂದವು. ಹದವಾಗಿ ಮೇಯುವುದನ್ನು ಪೂರ್ತಿ ನಿಲ್ಲಿಸಿದ ಕಡೆ ಬಳ್ಳಾರಿ ಜಾಲಿ ಮತ್ತು ಪೊದೆ ಕವಿದು ಬಯಲಿನ ಹಕ್ಕಿಗಳು ದೂರವಾಗುತ್ತವೆ. ಎರಡನೆಯದು ನೆಲದ ಹಂಚಿಕೆ. ಗಾಯರಾಣ ಮತ್ತು ಮಡ್ಡಿಗಳು ಒಂದೆಡೆ ಒತ್ತಾಗಿಲ್ಲ, ಊರೂರಿಗೆ ಚೂರುಚೂರಾಗಿ ಹರಡಿವೆ. ಬೇಲಿ ಹಾಕಲು ಬೇಕಾದ ಅಖಂಡ ಕ್ಷೇತ್ರ ಸಾಗುವಳಿದಾರರನ್ನು ಎಬ್ಬಿಸದೆ ಸಿಗದು, ಮುಳುಗಡೆಯಿಂದ ಒಮ್ಮೆ ಎದ್ದು ಬಂದ ಜನರಿರುವ ಸೀಮೆಯಲ್ಲಿ ಅಂಥದನ್ನು ಮತ್ತೆ ಕೇಳುವುದು ಅನ್ಯಾಯ. ಚೂರುಗಳನ್ನು ಕೂಡಿಸುವ ಒಂದೇ ಒಂದು ಎಳೆ ಈಗಾಗಲೇ ಇದೆ. ಅದು ಬಂಡಿದಾರಿ ಮತ್ತು ಹಳ್ಳ. ಗುಳ್ಳೆನರಿ ಒಂದು ಮಡ್ಡಿಯಿಂದ ಇನ್ನೊಂದಕ್ಕೆ ಹೋಗುವುದೂ ಕುರಿಗಾರ ಹೋಗುವುದೂ ನಡೆಯುವ ವಿದ್ಯಾರ್ಥಿ ಹೋಗುವುದೂ ಅದೇ ಎಳೆಯ ಮೇಲೆ.

ನಡೆಯುವವರು ಹೆಚ್ಚಿದರೆ ಬೆಳೆ ತುಳಿದಾರು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ತೊಂದರೆಯಾದೀತು ಎಂಬುದು ಗಂಭೀರವಾಗಿ ಪರಿಗಣಿಸಬೇಕಾದ ಆಕ್ಷೇಪ. ಟಿಟ್ಟಿಭ ಮತ್ತು ನೆಲಗುಬ್ಬಿಗಳ ಮೊಟ್ಟೆ ಬರಿ ನೆಲದ ಮೇಲಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮಡ್ಡಿಯಲ್ಲಿ ಹಳೆಯ ಸವೆತ ಬಿಟ್ಟು ಹೊಸ ಜಾಡು ಮಾಡಬಾರದು, ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಮಡ್ಡಿಯ ಹಾದಿಗಳನ್ನು ಬಿಡಬೇಕು, ಗುಂಪು ಚಿಕ್ಕದಿರಬೇಕು, ಹೊಲದಲ್ಲಿ ಒಡ್ಡಿನ ಮೇಲಷ್ಟೇ ನಡೆದು ರೈತನನ್ನು ಕೇಳಿ ದಾಟಬೇಕು. ಇಷ್ಟು ಪಾಲಿಸಿದರೆ ಕಾಲ್ನಡಿಗೆಯ ಹಾನಿ ವಾಹನದ ಹಾನಿಗೆ ಹೋಲಿಸಲಾಗದಷ್ಟು ಕಡಿಮೆ. ಹಸಿ ಎರಿಯಲ್ಲಿ ವಾಹನದ ಗಾಲಿ ಮಣ್ಣನ್ನು ಆಳವಾಗಿ ಒತ್ತಿ ಗಟ್ಟಿಮಾಡುತ್ತದೆ.

ಇಂದಿನ ಸ್ಥಿತಿ

ನಾಲ್ಕು ತಾಲ್ಲೂಕುಗಳ ಮುಖ ವೇಗವಾಗಿ ಬದಲಾಗುತ್ತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಬಯಲಿಗೆ ತಂದಿವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ನಿಂಬೆ, ದ್ರಾಕ್ಷಿ, ದಾಳಿಂಬೆ, ಕಬ್ಬು ಹರಡಿವೆ. ಬರದ ನಾಡಿಗೆ ನೀರು ಬಂದದ್ದು ನ್ಯಾಯ, ಅದನ್ನು ಪ್ರಶ್ನಿಸುವ ಹಕ್ಕು ನೋಡಲು ಬರುವ ಯಾರಿಗೂ ಇಲ್ಲ. ಆದರೆ ಭೂಮಿಯ ಬೆಲೆ ಏರಿದಂತೆ ನಕಾಶೆ ಕಂಡ ದಾರಿಗಳನ್ನು ಒತ್ತಿ ಉಳುವುದು, ತಂತಿ ಕಟ್ಟುವುದು ಹೆಚ್ಚಿದೆ. ಇದರ ಪೆಟ್ಟು ಮೊದಲು ಬೀಳುವುದು ಒಳಹೊಲದ ಸಣ್ಣ ರೈತನಿಗೆ, ಆಮೇಲೆ ಕುರಿಗಾರನಿಗೆ. ಹೊಲದ ದಾರಿಗಳನ್ನು ಸರಿಪಡಿಸಲು ರಾಜ್ಯ ಸರ್ಕಾರ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯನ್ನು ಜಾರಿಗೆ ತಂದಿದೆ. ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ, ಮಡ್ಡಿಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ, ವಿದ್ಯುತ್ ತಂತಿಗಳು ಬಯಲನ್ನು ಅಡ್ಡಹಾಯ್ದಿವೆ. ತಂತಿಗೆ ಬಡಿದು ಎರೆಭೂತ ಸಾಯುತ್ತಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ನೀಡಿದ ಆದೇಶ ರಾಜಸ್ಥಾನ ಮತ್ತು ಗುಜರಾತಿಗೆ ಸಂಬಂಧಿಸಿದ್ದು. ದೊಡ್ಡ ರೆಕ್ಕೆಯ ಹಕ್ಕಿಗಳಿಗೆ ಅದೇ ಅಪಾಯ ಇಲ್ಲಿಯೂ ಇದೆ.

ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದು ರಸ್ತೆ ಬದಿ, ಶಾಲೆಯ ಅಂಗಳ, ಕಾಲುವೆ ದಂಡೆಗಳು ಹಸಿರಾದವು. ಅಲ್ಲೆಲ್ಲ ಮರ ಬೇಕು. ಆದರೆ ಸಹಜ ಹುಲ್ಲು ಇರುವ ಮಡ್ಡಿಯಲ್ಲಿ ಗುಂಡಿ ತೋಡಿ ಸಸಿ ನೆಡುವುದು ಒಂದು ನೆಲೆಯನ್ನು ಅಳಿಸಿ ಇನ್ನೊಂದನ್ನು ತುರುಕುವ ಕೆಲಸ. ಹುಲ್ಲುಗಾವಲಿಗೆ ಪಾಳುಭೂಮಿ ಎಂಬ ಹೆಸರು ಕಂದಾಯದ ಲೆಕ್ಕದಲ್ಲಿ ಇರುವ ತನಕ ಈ ತಪ್ಪು ಮರುಕಳಿಸುತ್ತದೆ. ಕಾನೂನಿನ ದಾರಿಗಳು ಇಲ್ಲದಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಮೇವಿನ ಭೂಮಿ ಕಾಯ್ದಿಡಬೇಕೆನ್ನುತ್ತದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ 36ಎ ಕಲಮು ಸರ್ಕಾರಿ ಭೂಮಿಯನ್ನು ಸ್ಥಳೀಯರ ಸಮಾಲೋಚನೆಯೊಂದಿಗೆ ಸಂರಕ್ಷಣಾ ಮೀಸಲು ಎಂದು ಘೋಷಿಸಲು ಅವಕಾಶ ಕೊಡುತ್ತದೆ. ತುಮಕೂರು ಜಿಲ್ಲೆಯ ಜಯಮಂಗಲಿಯಲ್ಲಿ ಕೃಷ್ಣಮೃಗಗಳಿಗಾಗಿ 2007ರಲ್ಲಿ ಹೀಗೆಯೇ ಮೀಸಲು ಘೋಷಣೆಯಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗ್ರಾಮ ಪಂಚಾಯತಿಗಳು ತಮ್ಮ ಗಾಯರಾಣ ಮತ್ತು ನಕಾಶೆ ಕಂಡ ದಾರಿಗಳನ್ನು ಅಳೆಸಿ, ಗುರುತುಕಲ್ಲು ನೆಡಿಸಿ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬೇಕು.